ಡಿಸ್ನಿ ವರ್ಲ್ಡ್‌ನಲ್ಲಿ ದೊಡ್ಡ ರೆಸ್ಟೋರೆಂಟಿಗೆ ಊಟಕ್ಕೆ ಹೋಗುವಾಗ ಏನು ಹಾಕಿಕೊಳ್ಳಬೇಕು?

ಆ ಸಂಜೆ ಅಮ್ಮ ಊಟ ಮುಗಿಯುವವರೆಗೂ ಕುರ್ಚಿಯ ಕೆಳಗೆ ಕಾಲು ಮಡಚಿಕೊಂಡೇ ಕೂತಿದ್ದಳು. ಚೂಡಿದಾರದ ಪ್ಯಾಂಟು ಮಳೆಗೆ ಮೊಣಕಾಲಿನ ತನಕ ಒದ್ದೆ. ಶೂ ಒಳಗೆ ನೀರು, ಹೆಜ್ಜೆ ಇಟ್ಟರೆ ಪಚಕ್ ಪಚಕ್ ಅಂತ ಸದ್ದು. ಬಾಗಿಲಲ್ಲಿ ಯಾರೂ ತಡೆಯಲಿಲ್ಲ, ಬಡಿಸುವ ಹುಡುಗಿ ನಗುತ್ತಲೇ ಮಾತಾಡಿಸಿದಳು. ಆದರೂ ಅಮ್ಮ ತಟ್ಟೆಗಿಂತ ಜಾಸ್ತಿ ತನ್ನ ಕಾಲನ್ನೇ ನೋಡಿಕೊಂಡಳು. ಊರಿಂದ ಅಷ್ಟು ದೂರ ಬಂದವಳು, ಎರಡು ತಿಂಗಳ ಮುಂಚೆ ಟೇಬಲ್ ಹಿಡಿದಿದ್ದೆ, ಅವಳು ಆ ಊಟ ಮಾಡಿದ ಹಾಗೇ ಆಗಲಿಲ್ಲ.

ಬೇಜಾರಿನ ವಿಷಯ ಅಂದರೆ ಒಳ್ಳೆಯ ಬಟ್ಟೆ ನಮ್ಮ ಹತ್ತಿರ ಇತ್ತು. ರೂಮಿನಲ್ಲಿ, ಸೂಟ್‌ಕೇಸಿನಲ್ಲಿ ಮಡಿಸಿದ ಹಾಗೇ ಇತ್ತು. ಪಾರ್ಕಿನಿಂದ ರೂಮಿಗೆ ಹೋಗಿ ಬಟ್ಟೆ ಬದಲಾಯಿಸಿ ಬರುವಷ್ಟು ಹೊತ್ತನ್ನು ನಾನು ಇಟ್ಟುಕೊಂಡಿರಲಿಲ್ಲ. ಆಮೇಲೆ ಅಪ್ಪ, ಅಮ್ಮ, ಅತ್ತೆ, ಮಕ್ಕಳು ಅಂತ ಬೇರೆ ಬೇರೆ ಸಲ ಕರೆದುಕೊಂಡು ಹೋಗಿದ್ದೇನೆ. ನಾವು ಇರುವುದು ಅಟ್ಲಾಂಟಾದಲ್ಲಿ, ಡಿಸ್ನಿ ವರ್ಲ್ಡ್ ಇರುವ ಫ್ಲೋರಿಡಾದ ಆರ್ಲ್ಯಾಂಡೊಗೆ ಕಾರಿನಲ್ಲಿ ಸುಮಾರು ಏಳು ಗಂಟೆ, ಹಾಗಾಗಿ ಮನೆಗೆ ಬಂದವರು ಯಾರಾದರೂ ಕೇಳಿದರೆ ಹೊರಟುಬಿಡುತ್ತೇವೆ. ಯಾವ ಬಟ್ಟೆ ಅನ್ನುವುದಕ್ಕಿಂತ ಅದನ್ನು ಎಲ್ಲಿ, ಯಾವಾಗ ಹಾಕಿಕೊಳ್ಳುತ್ತೀರಿ ಅನ್ನುವುದೇ ದೊಡ್ಡ ಪ್ರಶ್ನೆ ಅಂತ ನನಗೆ ಗೊತ್ತಾಗಿದ್ದು ಹೀಗೆ. ನಾನು ಈಗ ಮಾಡುವ ಕ್ರಮವನ್ನೇ ಬರೆಯುತ್ತಿದ್ದೇನೆ.

1. ಟೇಬಲ್ ಹಿಡಿದಿರುವ ಜಾಗ ಯಾವ ಥರದ್ದು ಅಂತ ನೋಡಿಕೊಳ್ಳಿ

ಡಿಸ್ನಿ ವರ್ಲ್ಡ್ ಅಂದರೆ ಒಂದೇ ಪಾರ್ಕ್ ಅಲ್ಲ. ಮ್ಯಾಜಿಕ್ ಕಿಂಗ್‌ಡಮ್, ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್, ಅನಿಮಲ್ ಕಿಂಗ್‌ಡಮ್ ಅಂತ ನಾಲ್ಕು ಪಾರ್ಕು, ಎರಡು ವಾಟರ್ ಪಾರ್ಕು, ಜೊತೆಗೆ ಉಳಿದುಕೊಳ್ಳಲು 20ಕ್ಕೂ ಜಾಸ್ತಿ ಹೋಟೆಲು. ದೊಡ್ಡ ರೆಸ್ಟೋರೆಂಟುಗಳು ಪಾರ್ಕಿನ ಒಳಗೂ ಇವೆ, ಹೋಟೆಲುಗಳಲ್ಲೂ ಇವೆ. ಬಟ್ಟೆಯ ಲೆಕ್ಕ ಎರಡಕ್ಕೂ ಬೇರೆ.

ಪಾರ್ಕಿನ ಒಳಗಿನವುಗಳಿಗೆ ತಲೆ ಕೆಡಿಸಿಕೊಳ್ಳಬೇಡಿ. ಸಿಂಡ್ರೆಲಾ ಕೋಟೆಯೊಳಗಿನ ರಾಯಲ್ ಟೇಬಲ್, ಹಾಲಿವುಡ್ ಸ್ಟುಡಿಯೋಸ್‌ನ ಬ್ರೌನ್ ಡರ್ಬಿ, ಅನಿಮಲ್ ಕಿಂಗ್‌ಡಮ್‌ನ ಟಿಫಿನ್ಸ್, ಎಪ್ಕಾಟ್‌ನ ಕೆನಡಾ ಭಾಗದಲ್ಲಿರುವ ಲೆ ಸೆಲಿಯೆ, ಇಲ್ಲೆಲ್ಲ ಜನ ರೈಡ್‌ನಿಂದ ಇಳಿದು ನೇರ ಬಂದು ಕೂರುತ್ತಾರೆ. ಶಾರ್ಟ್ಸ್, ಟೀ ಶರ್ಟ್, ಸ್ಪೋರ್ಟ್ಸ್ ಶೂ ಸಾಮಾನ್ಯ. ಬಟ್ಟೆ ಒದ್ದೆ ಇಲ್ಲದೆ ಶುಭ್ರವಾಗಿದ್ದರೆ ಸಾಕು.

ಹೋಟೆಲುಗಳಲ್ಲಿರುವ ರೆಸ್ಟೋರೆಂಟುಗಳಿಗೆ ಸ್ವಲ್ಪ ಸಿದ್ಧತೆ ಬೇಕು. ಕಾಂಟೆಂಪರರಿ ಹೋಟೆಲಿನ 15ನೇ ಮಹಡಿಯಲ್ಲಿರುವ ಕ್ಯಾಲಿಫೋರ್ನಿಯಾ ಗ್ರಿಲ್, ಗ್ರ್ಯಾಂಡ್ ಫ್ಲೋರಿಡಿಯನ್‌ನ ಸಿಟ್ರಿಕೋಸ್ ಮತ್ತು ನಾರ್ಕೂಸೀಸ್, ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನ ಜಿಕೋ, ಬೋರ್ಡ್‌ವಾಕ್‌ನ ಫ್ಲೈಯಿಂಗ್ ಫಿಶ್, ಯಾಟ್ ಕ್ಲಬ್‌ನ ಯಾಟ್ಸ್‌ಮನ್ ಸ್ಟೇಕ್‌ಹೌಸ್, ರಿವಿಯೆರಾದ ಮೇಲ್ಮಹಡಿಯ ಟೊಪೊಲಿನೋಸ್ ಟೆರೇಸ್, ಇವೆಲ್ಲ ಈ ಗುಂಪು. ಸ್ವಿಮ್ಮಿಂಗ್ ಡ್ರೆಸ್, ಹರಿದ ಬಟ್ಟೆ, ಕೆಟ್ಟ ಮಾತು ಬರೆದಿರುವ ಟೀ ಶರ್ಟ್, ಗಂಡಸರ ತೋಳಿಲ್ಲದ ಬನಿಯನ್, ಇದಾವುದೂ ಬೇಡ. ಹಾಗಂತ ಕೋಟು ಟೈ ಬೇಕು ಅಂತಲೂ ಇಲ್ಲ. ನಮ್ಮೂರಲ್ಲಿ ಸಂಜೆ ರಿಸೆಪ್ಷನ್ನಿಗೆ ಹೋಗುವಾಗ ಹುಡುಗಿಯ ಕಡೆಯವರೂ ಅಲ್ಲ, ಹುಡುಗನ ಕಡೆಯವರೂ ಅಲ್ಲ, ಬರೀ ಪರಿಚಯದವರು ಅಂತ ಹೋದರೆ ಎಷ್ಟು ಅಲಂಕಾರ ಮಾಡಿಕೊಳ್ಳುತ್ತೇವೋ ಅಷ್ಟು. ಅಮ್ಮನಿಗೆ ಇದನ್ನೇ ಹೇಳಿದೆ, ತಕ್ಷಣ ಅರ್ಥವಾಯಿತು.

ಇವೆಲ್ಲಕ್ಕಿಂತ ಮೇಲೆ ಒಂದು ಜಾಗ ಇದೆ, ಗ್ರ್ಯಾಂಡ್ ಫ್ಲೋರಿಡಿಯನ್‌ನಲ್ಲಿರುವ ವಿಕ್ಟೋರಿಯಾ ಅಂಡ್ ಆಲ್ಬರ್ಟ್ಸ್. ಒಳ್ಳೆಯ ರೆಸ್ಟೋರೆಂಟುಗಳಿಗೆ ಕೊಡುವ ಮಿಶೆಲಿನ್ ಸ್ಟಾರ್ 2024ರಲ್ಲಿ ಇದಕ್ಕೆ ಬಂತು. 10 ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಪ್ರವೇಶ ಇಲ್ಲ. ಇಲ್ಲಿ ಜೀನ್ಸ್, ಶಾರ್ಟ್ಸ್, ಚಪ್ಪಲಿ, ಸ್ಪೋರ್ಟ್ಸ್ ಶೂ ನಡೆಯುವುದಿಲ್ಲ. ಗಂಡಸರು ಜಾಕೆಟ್ ಹಾಕಿಕೊಂಡು ಹೋಗುವುದೇ ಸರಿ, ಟೈ ನಿಮ್ಮಿಷ್ಟ. ಇಲ್ಲಿಗೆ ಹೋಗುವುದಾದರೆ ಆ ದಿನ ಪಾರ್ಕೇ ಬೇಡ ಅಂತ ನನ್ನ ಅಭಿಪ್ರಾಯ. ಊಟವೇ ಗಂಟೆಗಟ್ಟಲೆ ನಡೆಯುತ್ತದೆ, ಸುಸ್ತಾಗಿ ಹೋಗಿ ತೂಕಡಿಸಿದರೆ ದುಡ್ಡು ದಂಡ.

ಬಹುತೇಕ ರೆಸ್ಟೋರೆಂಟುಗಳಲ್ಲಿ 60 ದಿನ ಮುಂಚೆ ಬುಕಿಂಗ್ ಶುರುವಾಗುತ್ತದೆ. ಬುಕ್ ಮಾಡುವಾಗಲೇ ಆ ರೆಸ್ಟೋರೆಂಟಿನ ಡ್ರೆಸ್ ಕೋಡ್ ಓದಿ, ಮೊಬೈಲಿನಲ್ಲಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಈ ನಿಯಮಗಳು ಆಗಾಗ ಬದಲಾಗುತ್ತವೆ. ನಾಲ್ಕು ವರ್ಷದ ಹಿಂದೆ ಹೋಗಿ ಬಂದ ಪಕ್ಕದ ಮನೆಯವರ ಮಾತು ನಂಬಿಕೊಂಡು ಸೂಟ್‌ಕೇಸ್ ಕಟ್ಟಬೇಡಿ. ನೀವು ಸಸ್ಯಾಹಾರಿಗಳಾದರೆ ಅದನ್ನೂ ಬುಕಿಂಗ್ ಹೊತ್ತಿನಲ್ಲೇ ಹೇಳಿಬಿಡಿ, ಅಡುಗೆಯವರು ತಯಾರಾಗಿರುತ್ತಾರೆ.

2. ಊಟದ ದಿನದ ಲೆಕ್ಕ ಹಾಕಿ, ಮಧ್ಯೆ ಮೂರು ಗಂಟೆ ಬಿಡಿ

ನಾನು ಎಡವಿದ್ದೇ ಇಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫ್ಲೋರಿಡಾದಲ್ಲಿ ಬಿಸಿಲು 33 ಡಿಗ್ರಿ ಹತ್ತಿರ ಇರುತ್ತದೆ. ಮಂಗಳೂರಿನ ಮೇ ತಿಂಗಳ ಸೆಕೆ ನೆನಪಿಸಿಕೊಳ್ಳಿ, ಹಾಗೇ ಮೈ ಅಂಟಂಟು. ಮಧ್ಯಾಹ್ನದ ಮೇಲೆ ಹೆಚ್ಚೂಕಡಿಮೆ ದಿನಾ ಗುಡುಗು ಮಳೆ. ಅರ್ಧ ಗಂಟೆ ಸುರಿದು ನಿಲ್ಲುತ್ತದೆ, ಅಷ್ಟರಲ್ಲಿ ಮೈಯೆಲ್ಲ ತೊಯ್ದಿರುತ್ತದೆ. ಬೆಳಿಗ್ಗೆಯಿಂದ ಹತ್ತು ಕಿಲೋಮೀಟರ್ ನಡೆದಿರುತ್ತೀರಿ ಬೇರೆ.

ಸಂಜೆ 7ಕ್ಕೆ ಊಟ ಅಂದರೆ ನಾವು 4ಕ್ಕೆ ಪಾರ್ಕಿನಿಂದ ಹೊರಗೆ. ರೂಮಿಗೆ ಬರಲು ಮುಕ್ಕಾಲು ಗಂಟೆ. ಅಪ್ಪ ಅಮ್ಮ ಒಂದರ್ಧ ಗಂಟೆ ಕಾಲು ಚಾಚಿ ಮಲಗುತ್ತಾರೆ. ಆಮೇಲೆ ಸ್ನಾನ, ಒಂದು ಲೋಟ ಕಾಫಿ, ಸೀರೆ. ಈ ಮೂರು ಗಂಟೆ ವ್ಯರ್ಥ ಅಂತ ನನ್ನ ಗಂಡ ಮೊದಲು ಅನ್ನುತ್ತಿದ್ದ, ಟಿಕೆಟ್ಟಿಗೆ ಅಷ್ಟು ದುಡ್ಡು ಕೊಟ್ಟು ನಾಲ್ಕಕ್ಕೇ ಹೊರಗೆ ಬರುವುದಾ ಅಂತ. ಒಂದು ಸಲ ಮಾಡಿ ನೋಡಿದ ಮೇಲೆ ಈಗ ಅವನೇ ಗಡಿಯಾರ ನೋಡಿ ಎಬ್ಬಿಸುತ್ತಾನೆ.

ಇನ್ನು ಓಡಾಟ. ಡಿಸ್ನಿ ಬಸ್ಸುಗಳು ಒಂದು ಹೋಟೆಲಿನಿಂದ ಇನ್ನೊಂದು ಹೋಟೆಲಿಗೆ ನೇರ ಹೋಗುವುದಿಲ್ಲ. ಮಧ್ಯೆ ಯಾವುದಾದರೂ ಪಾರ್ಕಿನಲ್ಲೋ ಡಿಸ್ನಿ ಸ್ಪ್ರಿಂಗ್ಸ್ ಅನ್ನುವ ಅಂಗಡಿ ಬೀದಿಯಲ್ಲೋ ಇಳಿದು ಬೇರೆ ಬಸ್ ಹಿಡಿಯಬೇಕು. ರೇಷ್ಮೆ ಸೀರೆ ಉಟ್ಟು, ವಯಸ್ಸಾದವರನ್ನು ಕರೆದುಕೊಂಡು ಎರಡು ಬಸ್ ಬದಲಾಯಿಸುವುದು ಬೇಡ. ಕ್ಯಾಬ್ ಮಾಡಿ. ನಿಮ್ಮದೇ ಕಾರಿದ್ದರೆ ಹೋಟೆಲಿನ ಗೇಟಿನಲ್ಲಿ ಊಟದ ಬುಕಿಂಗ್ ತೋರಿಸಿ ಒಳಗೆ ನಿಲ್ಲಿಸಬಹುದು. ರಿವಿಯೆರಾಕ್ಕೆ ಸ್ಕೈಲೈನರ್ ಅನ್ನುವ ಕೇಬಲ್ ಕಾರಿನಲ್ಲಿ ಹೋಗುವುದು ಬಹಳ ಚಂದ, ಆದರೆ ಸಿಡಿಲು ಮಿಂಚು ಇದ್ದರೆ ಅದು ನಿಂತುಬಿಡುತ್ತದೆ. ಮೋಡ ಕಟ್ಟಿದ್ದರೆ ಅದನ್ನು ನಂಬಬೇಡಿ.

3. ರೂಮಿಗೆ ಹೋಗಲು ಆಗುವುದೇ ಇಲ್ಲ ಅಂದರೆ

ಕೆಲವು ಸಲ ಹೋಟೆಲು ದೂರ ಇರುತ್ತದೆ, ಅಥವಾ ಮಕ್ಕಳು ಪಾರ್ಕು ಬಿಟ್ಟು ಬರಲು ಒಪ್ಪುವುದಿಲ್ಲ. ಪಾರ್ಕಿನ ಬಾಗಿಲ ಹತ್ತಿರ ಬಾಡಿಗೆ ಲಾಕರ್ ಇರುತ್ತದೆ. ಬೆಳಿಗ್ಗೆಯೇ ಒಂದು ಸಣ್ಣ ಬ್ಯಾಗಿನಲ್ಲಿ ಸಂಜೆಯ ಬಟ್ಟೆ, ಒಣ ಕಾಲುಚೀಲ, ಶೂ, ಒಂದು ಚಿಕ್ಕ ಟವೆಲ್, ಬಾಚಣಿಗೆ ಇಟ್ಟುಬಿಡಿ. ಕಾರಿನಲ್ಲೇ ಇಟ್ಟರಾಯಿತು ಅಂದುಕೊಳ್ಳಬೇಡಿ. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಕಾರು ನಿಲ್ಲಿಸುವ ಜಾಗಕ್ಕೂ ಪಾರ್ಕಿಗೂ ಮಧ್ಯೆ ಕೆರೆ ಇದೆ, ಮಾನೊರೈಲಿನಲ್ಲೋ ಫೆರ್ರಿಯಲ್ಲೋ ದಾಟಬೇಕು. ಹೋಗಿ ಬರುವಷ್ಟರಲ್ಲಿ ಊಟದ ಹೊತ್ತು ಮೀರಿರುತ್ತದೆ.

ಬಟ್ಟೆ ಬದಲಾಯಿಸಲು ಪಾರ್ಕಿನ ಟಾಯ್ಲೆಟ್ಟಿಗಿಂತ ಊಟದ ರೆಸ್ಟೋರೆಂಟ್ ಇರುವ ಹೋಟೆಲಿನ ಲಾಬಿಯ ಟಾಯ್ಲೆಟ್ ಮೇಲು. ನೂಕುನುಗ್ಗಲು ಕಡಿಮೆ, ನೆಲ ಒಣಗಿರುತ್ತದೆ. ಮ್ಯಾಜಿಕ್ ಕಿಂಗ್‌ಡಮ್‌ನಿಂದ ಕಾಂಟೆಂಪರರಿಗೆ ನಡೆದೇ ಹೋಗಬಹುದು, ಹತ್ತು ನಿಮಿಷ. ಎಪ್ಕಾಟ್‌ನ ಹಿಂಬಾಗಿಲಿನಿಂದ ಬೋರ್ಡ್‌ವಾಕ್, ಯಾಟ್ ಕ್ಲಬ್ ಕೂಡ ಕಾಲ್ನಡಿಗೆ ದೂರ. ಆದರೆ ಈ ಥರ ಬದಲಾಯಿಸುವುದಾದರೆ ಸೀರೆಯ ಯೋಚನೆ ಬಿಟ್ಟುಬಿಡಿ. ಟಾಯ್ಲೆಟ್ಟಿನಲ್ಲಿ ನೆರಿಗೆ ಹಿಡಿಯಲು ಆಗುವುದಿಲ್ಲ. ಕುರ್ತಾ, ಉದ್ದ ಫ್ರಾಕು, ಪ್ಯಾಂಟು ಶರ್ಟು, ಇಷ್ಟೇ.

ಆ ದಿನ ನೀರಿನ ರೈಡ್‌ಗಳಿಗೂ ಹೋಗಬೇಡಿ. ಅನಿಮಲ್ ಕಿಂಗ್‌ಡಮ್‌ನ ಕಾಲಿ ರಿವರ್ ರ‍್ಯಾಪಿಡ್ಸ್‌ನಲ್ಲಿ ಒಳ ಉಡುಪಿನ ತನಕ ತೊಯ್ದು ತೊಪ್ಪೆಯಾಗುತ್ತೀರಿ. ಅದನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ.

4. ಹೆಂಗಸರಿಗೆ: ಸೀರೆ ಉಡಬಹುದಾ?

ಖಂಡಿತ ಉಡಬಹುದು. ಈ ಪ್ರಶ್ನೆ ನನಗೆ ಬಹಳ ಜನ ಕೇಳಿದ್ದಾರೆ, ಕೇಳುವಾಗ ದನಿ ಸಣ್ಣಗೆ ಮಾಡಿಕೊಂಡು ಕೇಳುತ್ತಾರೆ. ಅಮೆರಿಕದವರ ಊಟದ ಮನೆಗೆ ಅವರ ಥರದ ಗೌನೇ ಬೇಕು ಅಂತ ಎಲ್ಲೂ ಬರೆದಿಲ್ಲ. ಒಳ್ಳೆಯ ಸೀರೆಗಿಂತ ಮರ್ಯಾದೆಯ ಉಡುಪು ಆ ಕೋಣೆಯಲ್ಲಿ ಇನ್ನೊಂದು ಇರುವುದಿಲ್ಲ. ಪಕ್ಕದ ಟೇಬಲಿನ ಅಜ್ಜಿಯೊಬ್ಬರು ಅತ್ತೆಯ ಸೀರೆಯ ಅಂಚನ್ನು ನೋಡಿ, ಇದು ಕೈಮಗ್ಗದ್ದಾ ಅಂತ ಕೇಳಿದ್ದರು. ಅತ್ತೆಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೂ ಸೆರಗು ಬಿಡಿಸಿ ಹಿಡಿದು ತೋರಿಸಿದರು, ಇಬ್ಬರೂ ಐದು ನಿಮಿಷ ಅದನ್ನೇ ಸವರುತ್ತಾ ನಿಂತಿದ್ದರು.

ಯಾವ ಸೀರೆ ಅನ್ನುವುದಕ್ಕೆ ಮಾತ್ರ ಯೋಚನೆ ಬೇಕು. ನನ್ನ ಮೊದಲ ಆಯ್ಕೆ ಮೈಸೂರು ಸಿಲ್ಕ್. ಕ್ರೇಪ್ ರೇಷ್ಮೆ, ಮೈಗೆ ಅಂಟಿಕೊಂಡು ಬೀಳುತ್ತದೆ, ಸೂಟ್‌ಕೇಸಿನಿಂದ ತೆಗೆದಾಗ ಮಡಿಕೆ ಗುರುತು ಅಷ್ಟಾಗಿ ಕಾಣುವುದಿಲ್ಲ, ಜಾಗವೂ ಕಮ್ಮಿ. 1912ರಿಂದ ಮೈಸೂರಿನ ಕಾರ್ಖಾನೆಯಲ್ಲಿ ನೇಯುತ್ತಾ ಬಂದಿರುವ ಈ ಸೀರೆಯನ್ನು ಪ್ರಯಾಣಕ್ಕೆ ಅಂತಲೇ ಮಾಡಿದ್ದಾರೇನೋ ಅನ್ನಿಸುತ್ತದೆ. ಸೆಕೆಗೆ ರೇಷ್ಮೆ ಬೇಡ ಅನ್ನುವವರಿಗೆ ಇಳಕಲ್ ಸೀರೆ. ಮೈ ಹತ್ತಿ, ಸೆರಗು ರೇಷ್ಮೆ ಇರುವಂಥದ್ದು ತಗೊಳ್ಳಿ, ಗಾಳಿ ಆಡುತ್ತದೆ, ಸೆರಗಿನ ಕೆಂಪು ಊಟದ ಮನೆಯ ಮಂದ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಮದುವೆಯಲ್ಲಿ ಉಟ್ಟ ಭಾರೀ ಜರಿಯ ಕಾಂಚೀಪುರ ಬೇಡ. ಅದರ ತೂಕ, ಬೆವರು, ಅದನ್ನು ಕಾಯುವ ಚಿಂತೆ, ಯಾವುದೂ ರಜೆಯಲ್ಲಿ ಬೇಕಿಲ್ಲ.

ಸೆರಗನ್ನು ಮಡಿಸಿ ಭುಜಕ್ಕೆ ಎರಡು ಕಡೆ ಪಿನ್ನು ಹಾಕಿ. ಕ್ಯಾಲಿಫೋರ್ನಿಯಾ ಗ್ರಿಲ್‌ನಲ್ಲಿ ಮ್ಯಾಜಿಕ್ ಕಿಂಗ್‌ಡಮ್‌ನ ರಾತ್ರಿಯ ಪಟಾಕಿ ನೋಡಲು ಹೊರಗಿನ ಕಟ್ಟೆಗೆ ಬಿಡುತ್ತಾರೆ, 15ನೇ ಮಹಡಿ, ಗಾಳಿ ಜೋರು. ಸೀರೆಯನ್ನು ಎಂದಿಗಿಂತ ಒಂದು ಬೆರಳು ಮೇಲೆ ಉಡಿ, ಮಳೆ ಬಂದು ಹೋದ ನೆಲ ಇರುತ್ತದೆ. ಫಾಲ್ ಹೊಲಿಸದ ಹೊಸ ಸೀರೆ ತರಲೇಬೇಡಿ.

ಸೀರೆ ಉಡದವರಿಗೆ ಕುರ್ತಾ ಪಲಾಜೊ, ಅನಾರ್ಕಲಿ, ಒಳ್ಳೆಯ ಪ್ಯಾಂಟಿನ ಮೇಲೆ ಸಿಲ್ಕ್ ಟಾಪ್, ಮೊಣಕಾಲು ದಾಟುವ ಫ್ರಾಕು, ಯಾವುದಾದರೂ ಸರಿ.

5. ಗಂಡಸರಿಗೆ

ಕಾಲರ್ ಇರುವ ಶರ್ಟು, ಇಸ್ತ್ರಿ ಮಾಡಿದ ಪ್ಯಾಂಟು, ಮುಚ್ಚಿದ ಶೂ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ಸ್ ಬಿಟ್ಟು ಬೇರೆಲ್ಲ ಕಡೆ ಇಷ್ಟು ಬೇಕಾದಷ್ಟಾಯಿತು. ಹರಿಯದ, ಕಡು ನೀಲಿ ಜೀನ್ಸ್ ಕೂಡ ನಡೆಯುತ್ತದೆ. ಒಳಗೆ ಟೋಪಿ ತೆಗೆಯಿರಿ.

ಉದ್ದ ತೋಳಿನ ಕುರ್ತಾಕ್ಕೆ ನೆಹರೂ ಜಾಕೆಟ್ ಹಾಕಿದರೆ ಇನ್ನೂ ಚೆಂದ. ಅಪ್ಪನಿಗೆ ಸೂಟು ಅಂದರೆ ಉಸಿರು ಕಟ್ಟುತ್ತದೆ, ಹಾಗಾಗಿ ಬೂದು ಬಣ್ಣದ ನೆಹರೂ ಜಾಕೆಟ್ ಒಂದನ್ನು ಗಾಂಧಿ ಬಜಾರಿನಲ್ಲಿ ಹೊಲಿಸಿಕೊಂಡು ಬಂದರು. ಎರಡು ಸಲ ಬಂದಾಗಲೂ ಅದೇ. ಪಂಚೆ ಉಡಬೇಕು ಅನ್ನುವ ಹಿರಿಯರು ಇದ್ದಾರೆ, ಅವರನ್ನು ತಡೆಯಬೇಡಿ. ಹಳೇ ಮೈಸೂರಿನ ಮೇಷ್ಟ್ರುಗಳು ಕಚ್ಚೆ ಪಂಚೆಗೆ ಕೋಟು, ಶೂ ಹಾಕಿಕೊಂಡು ಕಾಲೇಜಿಗೆ ಹೋಗುತ್ತಿದ್ದರಲ್ವಾ, ಆ ಶಿಸ್ತಿನ ಮುಂದೆ ಯಾವ ಸೂಟು ನಿಲ್ಲುತ್ತದೆ? ಸುಮ್ನೆ ಸುತ್ತಿಕೊಳ್ಳುವವರು ವೆಲ್ಕ್ರೋ ಪಂಚೆ ತಗೊಳ್ಳಿ, ಲಿಫ್ಟಿನಲ್ಲಿ, ಕಾರು ಹತ್ತಿ ಇಳಿಯುವಾಗ ಜಾರುವ ಭಯ ಇರುವುದಿಲ್ಲ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ಸ್‌ಗೆ ಪಂಚೆಯಲ್ಲಿ ಹೋಗುವುದಾದರೆ ಮೊದಲೇ ಫೋನ್ ಮಾಡಿ, ಇದು ನಮ್ಮ ಊರಿನ ಸಾಂಪ್ರದಾಯಿಕ ಉಡುಪು ಅಂತ ಒಂದು ಮಾತು ಹೇಳಿಬಿಡಿ.

6. ಮಕ್ಕಳಿಗೆ

ವಿಕ್ಟೋರಿಯಾ ಅಂಡ್ ಆಲ್ಬರ್ಟ್ಸ್ ಬಿಟ್ಟರೆ ಮಕ್ಕಳ ಬಟ್ಟೆಗೆ ಅಷ್ಟು ಕಟ್ಟುನಿಟ್ಟು ಇಲ್ಲ. ರಾಜಕುಮಾರಿಯ ಡ್ರೆಸ್ಸಿನಲ್ಲೇ ಊಟಕ್ಕೆ ಬರುವ ಪುಟ್ಟ ಹುಡುಗಿಯರು ಎಲ್ಲಾ ಕಡೆ ಕಾಣುತ್ತಾರೆ. ದೊಡ್ಡವರಿಗೆ ಆ ಸ್ವಾತಂತ್ರ್ಯ ಇಲ್ಲ, 14 ವರ್ಷ ಮತ್ತು ಮೇಲ್ಪಟ್ಟವರು ಪಾರ್ಕಿನ ಒಳಗೆ ವೇಷ ಹಾಕುವಂತಿಲ್ಲ. ಲಂಗ ಬ್ಲೌಸ್ ಹಾಕಿಸುವ ಆಸೆ ಇದ್ದರೆ ಹತ್ತಿಯದ್ದು ಹಾಕಿಸಿ. ಒಂದು ಜೊತೆ ಹೆಚ್ಚಿಗೆ ಬಟ್ಟೆ ಕೈಚೀಲದಲ್ಲಿರಲಿ, ಸಾಸು ಚೆಲ್ಲಿದಾಗ ನೀವು ಮಗುವನ್ನು ಬೈಯುವುದು ತಪ್ಪುತ್ತದೆ.

7. ಕಾಲಿಗೆ ಏನು

ಬಟ್ಟೆಗಿಂತ ಜಾಸ್ತಿ ಜನ ಎಡವುವುದು ಇಲ್ಲಿ. ಇಡೀ ದಿನ ನಡೆದ ಕಾಲು ಸಂಜೆ ಊದಿರುತ್ತದೆ. ಊರಲ್ಲಿ ಸರಿಯಾಗಿ ಕೂರುತ್ತಿದ್ದ ಹೀಲ್ಸ್ ಆ ಹೊತ್ತಿಗೆ ಕಚ್ಚುತ್ತದೆ. ಹೀಲ್ಸ್ ಬಿಡಿ. ಚಪ್ಪಟೆ ಅಟ್ಟೆಯ, ಹಿಂದೆ ಪಟ್ಟಿ ಇರುವ, ಮೊದಲೇ ಹಾಕಿ ಪಳಗಿಸಿದ ಚಪ್ಪಲಿ ಸಾಕು. ಹೊಸ ಕೊಲ್ಹಾಪುರಿಯನ್ನು ಮೊದಲ ಸಲ ಅಲ್ಲಿ ಹಾಕಬೇಡಿ. ಅದೂ ಅಲ್ಲದೆ ಚರ್ಮ, ಮಳೆ ತಡೆಯುವುದಿಲ್ಲ.

ಅಮ್ಮನಿಗೆ ಮಂಡಿ ನೋವು, ಸ್ಪೋರ್ಟ್ಸ್ ಶೂ ಬಿಟ್ಟರೆ ನಡೆಯಲಾಗುವುದಿಲ್ಲ. ಅವಳಿಗೆ ಅಂತ ಕಪ್ಪು ಬಣ್ಣದ, ಯಾವ ಗೆರೆಯೂ ಇಲ್ಲದ ವಾಕಿಂಗ್ ಶೂ ತಂದೆ. ಸೀರೆಯ ಕೆಳಗೆ ಅದು ಕಾಣುವುದೇ ಇಲ್ಲ. ಹಗಲು ಹಾಕುವ ಜೋಡಿ ಬೇರೆ, ಸಂಜೆಯದು ಬೇರೆ. ಒಂದೇ ಜೋಡಿ ಇದ್ದರೆ ಅದು ಒದ್ದೆಯಾದ ದಿನ ಕಥೆ ಮುಗಿಯಿತು.

8. ಸೂಟ್‌ಕೇಸ್ ಕಟ್ಟುವಾಗ

ಒಬ್ಬರಿಗೆ ಒಂದು ಸಂಜೆಯ ಉಡುಪು, ಅಷ್ಟೇ. ಎರಡು ದೊಡ್ಡ ಊಟ ಇದ್ದರೂ ಅದನ್ನೇ ಹಾಕಿ, ಎರಡು ಕಡೆಯೂ ನೋಡುವವರು ಬೇರೆ.

ಸೀರೆಯನ್ನು ಜರಿ ಒಳಗೆ ಬರುವ ಹಾಗೆ ಮಡಿಸಿ, ಹಳೇ ಹತ್ತಿ ಪಂಚೆಯಲ್ಲಿ ಸುತ್ತಿ. ಅಮ್ಮ ಬೀರುವಿನಲ್ಲಿ ಇಡುವುದೂ ಹಾಗೇ. ಅದರೊಳಗೇ ಬ್ಲೌಸು, ಲಂಗ, ಪಿನ್ನಿನ ಡಬ್ಬಿ ಇಟ್ಟು ಒಂದೇ ಗಂಟು ಮಾಡಿ, ಮೇಲೆ ಅವರವರ ಹೆಸರು. ಇದರಿಂದ ಹೋಟೆಲಿನ ರೂಮಿನಲ್ಲಿ ನನ್ನ ಲಂಗ ಎಲ್ಲಿ ಅಂತ ಹುಡುಕುವ ಹದಿನೈದು ನಿಮಿಷ ಉಳಿಯುತ್ತದೆ. ಹತ್ತಿ ಲಂಗವೇ ಇರಲಿ, ಸ್ಯಾಟಿನ್ ಆ ಸೆಕೆಗೆ ಅಂಟುತ್ತದೆ.

ಊರಿಂದ ಇಸ್ತ್ರಿಪೆಟ್ಟಿಗೆ ತರಬೇಡಿ. ಅಮೆರಿಕದ ಕರೆಂಟು 120 ವೋಲ್ಟ್, ನಮ್ಮದು 230. ನಮ್ಮ ಪೆಟ್ಟಿಗೆ ಅಲ್ಲಿ ಸರಿಯಾಗಿ ಕಾಯುವುದಿಲ್ಲ. ಡಿಸ್ನಿ ಹೋಟೆಲಿನ ರೂಮುಗಳಲ್ಲಿ ಇಸ್ತ್ರಿಪೆಟ್ಟಿಗೆ, ಹಲಗೆ ಎರಡೂ ಇರುತ್ತವೆ. ರೇಷ್ಮೆಗೆ ಮೇಲೆ ತೆಳು ಬಟ್ಟೆ ಹಾಸಿ ಇಸ್ತ್ರಿ ಹಾಕಿ. ಅದೂ ಬೇಡ ಅಂದರೆ ಸ್ನಾನಕ್ಕೆ ಬಿಸಿನೀರು ಬಿಟ್ಟಾಗ ಬಚ್ಚಲುಮನೆಯ ಬಾಗಿಲ ಹೊರಗೆ ಸೀರೆ ನೇತುಹಾಕಿ, ಹಬೆಗೆ ಮಡಿಕೆ ಸಡಿಲವಾಗುತ್ತದೆ. ನೀರ ಹನಿ ತಾಗುವಷ್ಟು ಹತ್ತಿರ ಬೇಡ, ರೇಷ್ಮೆಯ ಮೇಲೆ ಕಲೆ ನಿಲ್ಲುತ್ತದೆ.

ಒಂದು ಶಾಲು ಇರಲೇಬೇಕು. ಹೊರಗೆ ಬೆಂಕಿಯಂಥ ಸೆಕೆ, ಒಳಗೆ ಎಸಿ ಕೊರೆಯುತ್ತದೆ. ತೊಯ್ದ ಕೂದಲಿನಲ್ಲಿ ಅಲ್ಲಿ ಕೂತರೆ ನಡುಕ ಹುಟ್ಟುತ್ತದೆ. ಡಿಸೆಂಬರ್, ಜನವರಿಯಲ್ಲಿ ಹೋಗುವವರು ಫ್ಲೋರಿಡಾ ಅಂದರೆ ಬಿಸಿಲು ಅಂತ ಸ್ವೆಟರ್ ಬಿಟ್ಟು ಬರಬೇಡಿ, ಕೆಲವು ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ.

9. ಬಟ್ಟೆಯೇ ಇಲ್ಲದಾಯಿತು ಅಂದರೆ

ಲಗೇಜ್ ಬರಲಿಲ್ಲ, ಬ್ಲೌಸು ಊರಲ್ಲೇ ಉಳಿಯಿತು, ಇಂಥದ್ದು ಆಗುತ್ತದೆ. ಡಿಸ್ನಿ ಸ್ಪ್ರಿಂಗ್ಸ್‌ನಲ್ಲಿ ಯುನಿಕ್ಲೋ, ಜಾರಾ ಅನ್ನುವ ಬಟ್ಟೆ ಅಂಗಡಿಗಳಿವೆ. ಪಾರ್ಕಿನ ಟಿಕೆಟ್ ಬೇಡ, ಬಸ್ಸಿದೆ. ಒಂದು ಬಿಳಿ ಶರ್ಟು, ಒಂದು ಕಪ್ಪು ಪ್ಯಾಂಟು ತಗೊಂಡರೆ ಗಂಡಸು ಹೆಂಗಸು ಯಾರಿಗಾದರೂ ಆ ಸಂಜೆ ಸಲೀಸಾಗಿ ಆಗುತ್ತದೆ. ಊರಿಗೆ ಬಂದ ಮೇಲೂ ಉಪಯೋಗಕ್ಕೆ ಬರುತ್ತದೆ.

ಬಟ್ಟೆ ಸರಿ ಇಲ್ಲ ಅಂತ ಊಟವನ್ನೇ ರದ್ದು ಮಾಡುವ ಮೊದಲು ರೆಸ್ಟೋರೆಂಟಿಗೆ ಹೋಗಿ ಬಾಗಿಲಲ್ಲಿ ಇರುವವರ ಹತ್ತಿರ ನೇರವಾಗಿ ಹೇಳಿ, ಹೀಗೆ ಹೀಗೆ ಆಯಿತು ಅಂತ. ಹೇಳಿಕೊಂಡವರಿಗೆ ಅವರು ಏನಾದರೂ ದಾರಿ ಹುಡುಕಲು ನೋಡುತ್ತಾರೆ.

10. ರಾತ್ರಿ ರೂಮಿಗೆ ಬಂದ ಮೇಲೆ

ಅಮ್ಮ ಮುಂದಿನ ಸಲ ಬಂದಾಗ ಇದೇ ಕ್ರಮದಲ್ಲಿ ಹೋದೆವು. ನಾಲ್ಕಕ್ಕೆ ಪಾರ್ಕು ಬಿಟ್ಟೆವು. ಅವಳು ಕನ್ನಡಿ ಮುಂದೆ ನಿಂತು, ಬಾಯಲ್ಲಿ ಎರಡು ಪಿನ್ನು ಕಚ್ಚಿಕೊಂಡು, ಹಸಿರು ಮೈಸೂರು ಸಿಲ್ಕಿನ ನೆರಿಗೆ ಒಂದೊಂದೇ ಹಿಡಿದಳು, ನಾನು ಕೆಳಗೆ ಕೂತು ಅಂಚು ಎಳೆದು ಕೊಟ್ಟೆ. ಮೊದಲ ತಟ್ಟೆ ಬಂದಾಗ ಅವಳ ಕಾಲು ಕುರ್ಚಿಯ ಕೆಳಗೆ ಇರಲಿಲ್ಲ. ಕಿಟಕಿಯ ಕಡೆ ತಿರುಗಿ ಕೂತು, ಬಂದ ಪ್ರತಿಯೊಂದನ್ನೂ ಇದರಲ್ಲಿ ಏನು ಹಾಕಿದ್ದಾರೆ ಅಂತ ಕೇಳಿ ಕೇಳಿ ತಿಂದಳು.

ಎಷ್ಟೇ ಸುಸ್ತಾಗಿದ್ದರೂ ಸೀರೆಯನ್ನು ಸುತ್ತಿ ಮೂಲೆಗೆ ಎಸೆಯಬೇಡಿ. ಬೆವರಿನ ತೇವ ಇರುತ್ತದೆ, ಹಾಗೇ ಮಡಿಸಿದರೆ ಜರಿ ಕಪ್ಪಾಗುತ್ತದೆ. ಕುರ್ಚಿಯ ಬೆನ್ನಿಗೆ ಹರವಿ ರಾತ್ರಿಯಿಡೀ ಗಾಳಿಗೆ ಬಿಡಿ. ಪಿನ್ನುಗಳನ್ನು ಎಣಿಸಿ ಡಬ್ಬಿಗೆ ಹಾಕಿ, ಬರಿಗಾಲಿನಲ್ಲಿ ಓಡಾಡುವ ಮಕ್ಕಳಿರುತ್ತಾರೆ. ಬೆಳಿಗ್ಗೆ ಪಾರ್ಕಿಗೆ ಹೊರಡುವ ಮೊದಲು ಮಡಿಸಿ, ಅದೇ ಪಂಚೆಯಲ್ಲಿ ಸುತ್ತಿಡಿ.